ಪರೀಕ್ಷೆ ನಿಲ್ಲಿಸಲು ಒಪ್ಪದ ತ್ರಿವೇಣಿ

ಪುಣೆಯ ಔಂಧ್ ಬಡಾವಣೆಯ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಇನ್ನೂ ಕಸ ಗುಡಿಸುತ್ತಿದ್ದಾರೆ. ತ್ರಿವೇಣಿ ಬಿರಾದಾರ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಚಹಾ ಆರಿ ಕೆನೆಗಟ್ಟಿದೆ. ಆಸ್ಪತ್ರೆಗಳಿಗೆ ಹೊಸ ತಂತ್ರಾಂಶ ಇವತ್ತು ಬೆಳಿಗ್ಗೆಯೇ ಹೋಗಬೇಕು. ಪರದೆಯ ಮೇಲೆ ಮಾತ್ರ ಕೆಂಪು ಗೆರೆ: ಒಂದು ಪರೀಕ್ಷೆ ಫೇಲಾಗಿದೆ.

ತ್ರಿವೇಣಿಯವರ ತಂದೆ ಬಿಜಾಪುರದಿಂದ ಇಲ್ಲಿಗೆ ಗುಮಾಸ್ತರಾಗಿ ಬಂದವರು. ಮಗಳ ಕೆಲಸವೇನೆಂದು ಅವರಿಗೆ ಇನ್ನೂ ಸರಿಯಾಗಿ ತಿಳಿಯದು. ಹತ್ತಾರು ಮಂದಿ ಬರೆದ ಪ್ರೋಗ್ರಾಮ್‌ಗಳನ್ನು ಜೋಡಿಸಿ ಒಂದು ಮಾಡುವುದು ಆಕೆಯ ಕೆಲಸ. ಕಚೇರಿಯಲ್ಲಿ ಅದಕ್ಕೆ ‘ಬಿಲ್ಡ್’ ಎನ್ನುತ್ತಾರೆ. ಸುಸೂತ್ರವಾದರೆ ಯಾರೂ ಈಕೆಯ ಹೆಸರೆತ್ತುವುದಿಲ್ಲ. ಕೆಟ್ಟರೆ ಎಲ್ಲರೂ ಈಕೆಯ ಮೇಜಿಗೇ ಬರುತ್ತಾರೆ.

ಜೋಡಿಸುವಾಗ ತಪ್ಪುಗಳನ್ನು ಯಂತ್ರವೇ ಹುಡುಕುವ ಪರೀಕ್ಷೆಗಳಿವೆ. 2004ರ ಮಳೆಗಾಲದವರೆಗೆ ಅವು ಬಂದ್ ಇರುತ್ತಿದ್ದವು. ಬೇಕಾದವರು ಚಾಲೂ ಮಾಡಿಕೊಳ್ಳಬೇಕಿತ್ತು. ಹೊತ್ತು ಹಿಡಿಯುತ್ತದೆಂದು ಯಾರೂ ಮಾಡುತ್ತಿರಲಿಲ್ಲ. ಹಾಗೆ ಹೋದ ತಂತ್ರಾಂಶದ ಒಂದು ಆವೃತ್ತಿ, ಮಕ್ಕಳ ಆಸ್ಪತ್ರೆಯೊಂದರಲ್ಲಿ ಹಸುಗೂಸಿಗೆ ಕೊಡಬೇಕಾದ್ದಕ್ಕಿಂತ ಹತ್ತು ಪಟ್ಟು ಔಷಧ ತೋರಿಸಿತು. ಶಾಮಲಾ ಎಂಬ ನರ್ಸ್ ಅನುಮಾನಿಸಿ ಸೂಜಿ ಕೆಳಗಿಟ್ಟರು. ಕೂಸು ಉಳಿಯಿತು.

“ಆ ತಪ್ಪು ಹಿಡಿಯೋ ಟೆಸ್ಟ್ ಮೊದಲೇ ಬರದಿಟ್ಟಿದ್ರು ರೀ. ಯಾರೂ ಓಡಿಸಿರಲಿಲ್ಲ,” ಎನ್ನುತ್ತಾರೆ ತ್ರಿವೇಣಿ. “ಆ ನರ್ಸ್ ಅವತ್ತು ರಜಾ ಹಾಕಿದ್ರ ಏನಾಗ್ತಿತ್ತು?”

ಜಗಳವಾಡಿ ಅವರು ಪದ್ಧತಿಯನ್ನೇ ತಿರುಗಿಸಿದರು. ಈಗ ಪರೀಕ್ಷೆಗಳು ತಾವಾಗಿಯೇ ಓಡುತ್ತವೆ. ನಿಲ್ಲಿಸಬೇಕೆಂದರೆ ಕಾರಣ ಹೇಳಬೇಕು. ಕೆಲಸ ತಡವಾಗುತ್ತದೆಂದು ಗೊಣಗುವವರು ಬಹಳ.

ಫೋನ್ ಬಡಿದುಕೊಳ್ಳುತ್ತದೆ. ಮ್ಯಾನೇಜರ್ ಅವಧೂತ. “ಇವತ್ತೊಂದು ದಿನ ಟೆಸ್ಟ್ ಬಂದ್ ಮಾಡು, ಗಿರಾಕಿ ಕಾಯ್ತಿದ್ದಾರೆ,” ಎಂದು ಮರಾಠಿಯಲ್ಲಿ ಒತ್ತಾಯಿಸುತ್ತಾರೆ. ತ್ರಿವೇಣಿಯೂ ಮರಾಠಿಯಲ್ಲೇ ಉತ್ತರಿಸುತ್ತಾರೆ: “ಕಾರಣ ತಿಳಿಯೋವರೆಗೂ ಇಲ್ಲ ಸರ್.”

ಮಧ್ಯಾಹ್ನದ ಹೊತ್ತಿಗೆ ಕಾರಣ ಸಿಗುತ್ತದೆ. ಪ್ರೋಗ್ರಾಮ್ ಸರಿಯೇ ಇದೆ, ಅದು ಬದಲಾದಾಗ ತಿದ್ದದೆ ಬಿಟ್ಟ ಪರೀಕ್ಷೆಯೇ ಹಳತಾಗಿದೆ. ಗಿರಾಕಿ ಸಿಟ್ಟಾಗಿದ್ದಾರೆ. ಅವಧೂತ ಮೇಜಿನ ಮುಂದೆ ಹಾದುಹೋಗುವಾಗ ಮುಖ ಕೊಡುವುದಿಲ್ಲ. ತ್ರಿವೇಣಿ ಆ ಪರೀಕ್ಷೆಯನ್ನು ತಿದ್ದಿ, ಎಲ್ಲವನ್ನೂ ಮತ್ತೆ ಓಡಿಸುತ್ತಾರೆ.

“ಬೈಸ್ಕೊಳ್ಳೋದು ರೂಢಿ ಆಗೇದ್ರಿ. ಆದ್ರ ಅಂಜಿಕಿ ಹೋಗಂಗಿಲ್ಲ. ನಾವು ವಿಚಾರ ಮಾಡದ ತಪ್ಪು ಎಷ್ಟದಾವೋ!” ಎನ್ನುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಪರದೆಯತ್ತ ಬೆರಳು ತೋರಿಸುತ್ತಾರೆ.

“ನಾಳೆ ನಾ ಇರಲಿಕ್ಕಿಲ್ಲ. ನನ್ನ ಜಾಗಾಕ್ಕ ಬಂದವರು ಮರೀಬಹುದು, ಮನಷ್ಯಾರು ಮರೀತಾರ. ಅವರು ಮರತ್ರೂ ಟೆಸ್ಟ್ ತಾನ ಓಡ್ಬೇಕ್ರಿ. ಅಷ್ಟಾದ್ರ ಸಾಕು.”