ಅಮ್ಮ ಬಾಯಿ ಬಿಡಬೇಕೋ ಬೇಡವೋ?

"ಅಮ್ಮಾ, ಬಾಯ್ ಬುಟ್ಗಿಟ್ಟೀಯ! ಬಂದ್ಬುಟ್ರು!"

ಅಕ್ಕ ಅಮ್ಮನ ಬಾಯಿಗೆ ಕೈ ಅಡ್ಡ ಹಿಡಿದಳು. ಹೊರಗೆ ಮೇಡಂ ಚಪ್ಪಲಿ ಬಿಡುತ್ತಿದ್ದರು.

ಮೇಡಂ ತಮಿಳುನಾಡು ಸರ್ಕಾರದ ಕೃಷ್ಣಗಿರಿ ಆಫೀಸಿನವರು. ಯಾವ ಮಗುವಿಗೆ ಮೊದಲು ಕಿವಿ ಆಪರೇಷನ್ ಎಂದು ಮನೆ ಮನೆ ನೋಡಿ ಮಾರ್ಕ್ಸ್ ಹಾಕುವವರು. ಕಿವಿಯ ಒಳಗೆ ಮಷೀನು ಇಟ್ಟು ಕೇಳಿಸುವ ಹಾಗೆ ಮಾಡುತ್ತಾರೆ (ಕಾಕ್ಲಿಯರ್ ಇಂಪ್ಲಾಂಟ್ ಅಂತೆ). ಮಷೀನು ಕಡಿಮೆ, ಮಕ್ಕಳು ಜಾಸ್ತಿ. ಆರು ವರ್ಷ ತುಂಬಿದರೆ ಲಿಸ್ಟಿನಿಂದ ಔಟ್. ಅಕ್ಕನ ಮಗಳು ಪುಟ್ಟಿಗೆ ಆರಕ್ಕೆ ಎರಡೇ ತಿಂಗಳು ಬಾಕಿ.

ಫಾರಂ ತುಂಬುವಾಗ ಇದೇ ಮೇಡಂ ಕೇಳಿದ್ದರು, ಮಗು ಮನೆಯಲ್ಲಿ ಯಾವ ಭಾಷೆ ಆಡುತ್ತೆ?

"ಮಾತೇ ಬರಾಕಿಲ್ಲ ಮೇಡಂ. ಅದುಕ್ಕೇ ಬಂದಿರಾದು" ಎಂದೆ.

ಆಪರೇಷನ್ ಆದ ಮೇಲೆ ಮಾತು ಕಲಿಸುವುದು ತಮಿಳಿನಲ್ಲಂತೆ. ಮನೆಯಲ್ಲೂ ತಮಿಳೊಂದೇ ಇದ್ದರೆ ಮಾರ್ಕ್ಸ್ ಜಾಸ್ತಿ. ನಮ್ಮ ಮನೆಯಲ್ಲಿ? ಅಕ್ಕನದು ಕನ್ನಡ, ಭಾವನದು ತೆಲುಗು, ಜಗಳ ಮಾತ್ರ ತಮಿಳು. (ಹೊಸೂರಲ್ಲಿ ಯಾರ ಮನೆ ಹೀಗಿಲ್ಲ ಹೇಳಿ?)

ಅವತ್ತೇ ಅಕ್ಕನ ಆರ್ಡರ್ ಆಯಿತು. ಮನೆಯಲ್ಲಿ ಇನ್ನು ತಮಿಳೇ. ಯಾರ ಮುಂದೆ? ಏನೂ ಕೇಳಿಸದ ಮಗುವಿನ ಮುಂದೆ! ಭಾವ ಕೆಮ್ಮುವುದನ್ನೂ ತಮಿಳಿನಲ್ಲೇ ಶುರು ಮಾಡಿದ.

ಮಗು ನೋಡಿಕೊಳ್ಳಲು ನಮ್ಮೂರು ತಳಿಯಿಂದ ಬಂದಿದ್ದ ಅಮ್ಮನಿಗೆ ತಮಿಳು ಬಾರದು. "ನಂಗಾಗಾಕಿಲ್ಲ ಕಣ್ಲಾ, ಸುಮ್ಕಿರ್ತೀನಿ" ಎಂದು ಪೂರಾ ಕೈಸನ್ನೆಗೆ ಇಳಿದಳು. ಪುಟ್ಟಿಗೆ ಖುಷಿಯೋ ಖುಷಿ. ಇಡೀ ಮನೆಯಲ್ಲಿ ಅವಳಿಗೆ ತಿಳಿಯುವ ಹಾಗೆ ಮಾತಾಡುತ್ತಿದ್ದವಳು ಅಮ್ಮ ಒಬ್ಬಳೇ.

ಸರಿ, ಮೇಡಂ ಕೂತರು. ತಮಿಳಿನಲ್ಲೇ ಕಾಫಿ ಕೊಟ್ಟೆವು. ಅಮ್ಮನ ಹೆಸರು ಕೇಳಿದರು. ಅಮ್ಮ ಕೈ ಆಡಿಸಿದಳು. ಇನ್ನೂ ಜೋರಾಗಿ ಕೇಳಿದರು. ಅಮ್ಮ ಇನ್ನೂ ಜೋರಾಗಿ ಕೈ ಆಡಿಸಿದಳು.

"ಪಾಟಿಕ್ಕುಂ ಕಾದು ಕೇಕಾದಾ?" (ಅಜ್ಜಿಗೂ ಕಿವಿ ಕೇಳಲ್ವಾ?)

ಅಕ್ಕ ಮಾರ್ಕ್ಸ್ ಹೋಗುವ ಭಯಕ್ಕೆ ಹೌದೆಂದು ತಲೆ ಆಡಿಸಿಬಿಟ್ಟಳು. ಮೇಡಂ ಬರೆದುಕೊಂಡರು.

ಮೊನ್ನೆ ಕಾಗದ ಬಂತು. ಅಮ್ಮನಿಗೆ ಕಿವಿ ಟೆಸ್ಟ್. ಪುಟ್ಟಿಗೆ ವೇಯ್ಟಿಂಗ್ ಲಿಸ್ಟ್. ಕಾರಣ: ಮನೆಯಲ್ಲಿ ಕೈಸನ್ನೆ ಜಾಸ್ತಿ, ಮಾತು ಕಲಿಸಲು ಅನುಕೂಲವಿಲ್ಲ.

ಫ್ಯಾಕ್ಟರಿಗೆ ರಜಾ ಹಾಕಿ ಕೃಷ್ಣಗಿರಿಗೆ ಓಡಿದೆ. ಅಮ್ಮನ ಕಿವಿ ಚೆನ್ನಾಗಿದೆ, ಪಕ್ಕದ ಬೀದಿಯ ಜಗಳವೂ ಕೇಳುತ್ತೆ ಎಂದೆ. ಹಾಗಾದರೆ ಸೋಮವಾರ ಕರೆದುಕೊಂಡು ಬಾ, ನನ್ನ ಮುಂದೆ ಮಾತಾಡಲಿ ಎಂದರು ಮೇಡಂ.

ಮನೆಗೆ ಬಂದು ಹೇಳಿದೆ. ಅಮ್ಮ ರೇಗಿದಳು. "ಮಾತಾಡ್ಲೋ ಬ್ಯಾಡ್ವೋ? ಏನಾರ ಒಂದ್ ಹೇಳ್ಲಾ!"

ಬಾಯಿ ಬಿಟ್ಟರೆ ಕನ್ನಡ. ಬಿಡದಿದ್ದರೆ ಕಿವುಡಿ. ಪುಟ್ಟಿಗೆ ಆರು ತುಂಬಲು ಹದಿನೆಂಟು ದಿನ.

ಯಾವುದಕ್ಕೆ ಮಾರ್ಕ್ಸ್ ಜಾಸ್ತಿ, ಗೊತ್ತಿದ್ದವರು ಹೇಳಿ.