ಖಾಲಿ ಗುಳ್ಳೆಗಳ ಚಿತ್ರಕಥೆ

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಈಗಲೂ ಸಂಕೋಚವಿಲ್ಲ. ಹೊಸದುರ್ಗದಿಂದ ಹಾಲುರಾಮೇಶ್ವರದ ಕಡೆ ಹೋಗುವ ದಾರಿಯಲ್ಲಿ ಇಳಿದು ಒಳಕ್ಕೆ ನಡೆದರೆ ನಮ್ಮ ಹಟ್ಟಿ. ಅಪ್ಪ ಕುರಿ ಮೇಯಿಸುತ್ತಿದ್ದ, ಬಿಡುವಾದಾಗ ಮಗ್ಗದ ಗುಂಡಿಗಿಳಿದು ಕಂಬಳಿ ನೇಯುತ್ತಿದ್ದ. ಉಣ್ಣೆ ನೂಲುವುದು, ಹುಣಸೆಬೀಜ ಅರೆದು ಕುದಿಸಿ ಸರಿ ಮಾಡುವುದು, ಆ ಅಂಟನ್ನು ಹಾಸಿನ ನೂಲಿಗೆ ಕುಂಚದಿಂದ ಬಳಿದು ಬಿಸಿಲಲ್ಲಿ ಒಣಗಿಸುವುದು ಅವ್ವನ ಕೆಲಸ. ಸರಿ ಕುಡಿದ ನೂಲು ಹರಿಯುವುದಿಲ್ಲ ಎನ್ನುವುದರ ಮೇಲೆ ಅವಳಿಗೆ ದೇವರಷ್ಟೇ ನಂಬಿಕೆ. ಇಂಥ ಮನೆಯಿಂದ ಚಿತ್ರದುರ್ಗದ ಹಾಸ್ಟೆಲಿಗೆ ಹೋಗಿ, ಹಸಿದು, ಒಂದು ಸಲ ಫೇಲಾಗಿ, ಮತ್ತೆ ಕಟ್ಟಿ ಪಾಸಾದೆ.

ಫಲಿತಾಂಶ ತಿಳಿದ ದಿನ ಬಸ್ಸಿಳಿದವನು ಓಡಿಕೊಂಡೇ ಮನೆಗೆ ಬಂದೆ. ನನ್ನ ತಂಗಿ ರೊಪ್ಪದ ಬಾಗಿಲಲ್ಲಿ, ಅಂದರೆ ಕುರಿ ಕೂಡುವ ಮುಳ್ಳುಬೇಲಿಯ ಮುಂದೆ, ಕುಳಿತಿದ್ದಳು. ಮೂರನೇ ಕ್ಲಾಸಿನ ಹುಡುಗಿ. "ಪಾಸಾದೆ ಕಣೇ" ಎಂದು ಕೂಗಿದೆ. ಅವಳು ನನ್ನ ಬಾಯನ್ನೇ ನೋಡುತ್ತ "ಏನಂದೆ?" ಎಂದಳು. ಇನ್ನೂ ಗಟ್ಟಿಯಾಗಿ ಹೇಳಿದೆ. ಮತ್ತೆ "ಏನಂದೆ?" ಎಂದಳು. ಆ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂದು ವಾಸಿಯಾಯಿತೆಂದು ಮನೆಯವರು ಹೇಳಿ ಕಳಿಸಿದ್ದರು. ಜ್ವರ ಕಿವಿಯನ್ನು ತೆಗೆದುಕೊಂಡು ಹೋದದ್ದನ್ನು ಮಾತ್ರ, ನನ್ನ ಓದು ಕೆಡಬಾರದೆಂದು, ಮುಚ್ಚಿಟ್ಟಿದ್ದರು. ಪರೀಕ್ಷೆ ಮುಗಿದ ಮೇಲೂ ಫಲಿತಾಂಶ ಕಾಯುತ್ತ ನಾನು ಚಿತ್ರದುರ್ಗದಲ್ಲೇ ಉಳಿದಿದ್ದೆ.

ಚಿತ್ರದುರ್ಗದ ಡಾಕ್ಟರು ಅವಳ ಕಿವಿಯ ಹಿಂದೆ ಏನೇನೋ ತಟ್ಟಿ ನೋಡಿ, ಕೊನೆಗೆ ನನ್ನನ್ನು ಆಚೆ ಕರೆದರು.

"ಕಿವಿ ಇನ್ನು ಬರಲ್ಲಪ್ಪ. ಆದ್ರೆ ಮಾತು ಇನ್ನೂ ಐತೆ. ಅದನ್ನ ಕಾಪಾಡ್ರಿ. ಕೇಳಿಸದ ಮಕ್ಕಳು ಒಂದೊಂದೇ ಮಾತು ಬಿಡ್ತಾ ಹೋಗ್ತಾವೆ. ಪೂರ್ತಿ ಬಿಟ್ಟಳೋ, ಆಮೇಲೆ ಕೂರಿಸಾದು ಬಹಳ ಕಷ್ಟ."

ಅವರು ಹೇಳಿದಂತೆಯೇ ಆಗತೊಡಗಿತು. ಪ್ರತಿಯೊಂದು ಕುರಿಗೂ ಹೆಸರಿಟ್ಟು ಕರೆಯುತ್ತಿದ್ದವಳು ಎಲ್ಲವನ್ನೂ "ಅದು" ಎನ್ನಲು ಶುರು ಮಾಡಿದಳು. ದನಿ ದಪ್ಪವಾಯಿತು, ಮಾತಿನ ಅಂಚು ಸವೆಯಿತು. ಮೊದಮೊದಲು ಎಲ್ಲರನ್ನೂ ಅಡ್ಡಗಟ್ಟಿ "ಏನಂದೆ? ಏನಂದೆ?" ಎಂದು ಕೇಳುತ್ತಿದ್ದಳು. ಜನಕ್ಕೆ ಬೇಸರ. ಕೈಯಾಡಿಸಿ "ಏನಿಲ್ಲ, ಹೋಗು" ಅನ್ನುತ್ತಿದ್ದರು. ಶ್ರಾವಣ ಬರುವ ಹೊತ್ತಿಗೆ ಅವಳು ಅದನ್ನೂ ಕೇಳುವುದು ಬಿಟ್ಟಳು. ಹಟ್ಟಿಯವರು "ಹುಡುಗಿ ಹೊಂದ್ಕಂಡಳು ಬಿಡು" ಎಂದು ಸಮಾಧಾನಪಟ್ಟರು. ನನಗೆ ಹಾಗನ್ನಿಸಲಿಲ್ಲ. ಕೇಳುವುದನ್ನೂ ಬಿಟ್ಟ ಮೇಲೆ ಇನ್ನೇನು ಉಳಿಯಿತು?

ಆಗ ನಾನು ಹೊಳಲ್ಕೆರೆಯ ಒಂದು ಟೈಪಿಂಗ್ ಶಾಲೆಯಲ್ಲಿ ಕೆಲಸಕ್ಕಿದ್ದೆ. ಬಿ.ಎ.ಗೆ ಸಿಕ್ಕಿದ್ದು ಅದೇ. ಒಂದು ಭಾನುವಾರ ಹಿರಿಯೂರಿಗೆ ಹಾಸ್ಟೆಲಿನ ಗೆಳೆಯನೊಬ್ಬನನ್ನು ನೋಡಲು ಹೋಗಿದ್ದೆ. ಅವನ ದೊಡ್ಡಪ್ಪ ಕಡಲೆಕಾಯಿ ಮಂಡಿಯ ಸಾಹುಕಾರರು. ಹಣೆಯ ಮೇಲೆ ವಿಭೂತಿ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವರಿಗೊಂದು ವಿಚಿತ್ರ ಗೀಳು: ಮಕ್ಕಳ ಚಿತ್ರಕಥೆ ಪುಸ್ತಕಗಳನ್ನು ಒಂದೂ ಸಂಚಿಕೆ ತಪ್ಪದಂತೆ ಕೂಡಿಸಿ, ವರ್ಷ ವರ್ಷದ್ದನ್ನು ಸೇರಿಸಿ ಹೊಲಿಸಿ, ಕಂದು ಕಾಗದದ ಹೊದಿಕೆ ಹಾಕಿ, ನಡುನಡುವೆ ಬಜೆ ಬೇರು ಇಟ್ಟು ಟ್ರಂಕಿನಲ್ಲಿ ಇಡುತ್ತಿದ್ದರು. ನೋಡುವವರು ಕೈ ತೊಳೆದು ಒರೆಸಿಕೊಳ್ಳಬೇಕು, ಎಂಜಲು ಬೆರಳಿನಿಂದ ಹಾಳೆ ತಿರುವಬಾರದು. ನಾನು ಒಂದು ಸಂಪುಟ ತೆರೆದೆ. ರಾಜ, ಬೇಟೆಗಾರ, ಗಿಳಿಯ ಕಥೆ. ಪ್ರತಿಯೊಬ್ಬರ ಬಾಯಿಂದಲೂ ಒಂದು ಬಿಳಿಯ ಗುಳ್ಳೆ ಹೊರಟಿದೆ, ಗುಳ್ಳೆಯೊಳಗೆ ದೊಡ್ಡ ಅಕ್ಷರದಲ್ಲಿ ಅವರಾಡುವ ಮಾತು.

ಮಾತು ಕಣ್ಣಿಗೆ ಕಾಣುತ್ತಿತ್ತು.

ನಾನು ಸಾಹುಕಾರರ ಮುಂದೆ ತಂಗಿಯ ಕಥೆ ಹೇಳಿ ಕೈಮುಗಿದೆ. ಅವರು ಹೊದಿಕೆಯ ಅಂಚು ಸವರಿ ಸಂಪುಟವನ್ನು ನನ್ನ ಕಡೆ ಸರಿಸಿದರು.

"ನನ್ನ ತಮ್ಮನಿಗೂ ಇದು ಕೊಟ್ಟೋನಲ್ಲ. ಹೆಣ್ಣುಮಗು ಅಂತೀಯ, ಒಯ್ಯಿ. ಮಹಾನವಮಿಗೆ ಪುಸ್ತಕ ಎಲ್ಲ ಪೂಜೆಗೆ ಇಡ್ತೀನಿ. ಅಷ್ಟರೊಳಗೆ ಇದು ಇಲ್ಲಿರಬೇಕು."

ಮನೆಯಲ್ಲಿ ತಂಗಿಯ ಮುಂದೆ ಪುಸ್ತಕ ಬಿಚ್ಚಿದಾಗ ಅವಳು ಗಿಳಿಯ ಬಾಯಿಗೆ ಬೆರಳಿಟ್ಟಳು. ಅಲ್ಲಿಂದ ಗುಳ್ಳೆಯ ಬಾಲ ಹಿಡಿದು ಮೇಲೆ ಹೋದಳು. ಅಕ್ಷರ ಕೂಡಿಸಿ, ಒಡಕು ದನಿಯಲ್ಲಿ, "ನನ್ನ... ಬಿಡು" ಎಂದಳು. ಆಮೇಲೆ ನನ್ನ ಬಾಯನ್ನು ನೋಡಿದಳು, ಮತ್ತೆ ಗಿಳಿಯ ಬಾಯನ್ನು. ವಾರ ಕಳೆಯುವುದರಲ್ಲಿ ಅವಳು ಬಿಟ್ಟಿದ್ದ ಮಾತುಗಳು ಕುಂಟುತ್ತ ಹಿಂದಕ್ಕೆ ಬರಲು ಶುರುವಾದವು. ಅವ್ವ ಅಡುಗೆಮನೆಯಿಂದ ಕೇಳಿಸಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆದರೆ ಪುಸ್ತಕ ವಾಪಸು ಹೋಗಬೇಕು. ಹಳೆಯ ಸಂಚಿಕೆಗಳು ಯಾವ ಅಂಗಡಿಯಲ್ಲೂ ಸಿಗವು. ಇದ್ದ ದಾರಿ ಒಂದೇ, ಹೇಗಾದರೂ ನಕಲು ಮಾಡಿಕೊಳ್ಳುವುದು. ನಾನು ಪುಸ್ತಕವನ್ನು ಅಪ್ಪನ ಒಗೆದ ಪಂಚೆಯಲ್ಲಿ ಸುತ್ತಿಕೊಂಡು ಚಿತ್ರದುರ್ಗಕ್ಕೆ ಹೋದೆ. ಫೋಟೋ ಸ್ಟುಡಿಯೋದವನು ಹಾಳೆ ತಿರುವಿ ನಕ್ಕ.

"ಒಂದೊಂದು ಹಾಳೆಗೂ ಒಂದೊಂದು ಪಟ ತೆಗೀಬೇಕು. ನಿಮ್ಮನೇಲಿ ಎಷ್ಟು ಕುರಿ ಅವೆ?"

"ಯಾಕ್ರಿ?"

"ಅಷ್ಟೂ ಮಾರಿದ್ರೆ ಅರ್ಧ ಪುಸ್ತಕ ಆಗ್ತೈತೆ."

ಅಲ್ಲಿಂದ ಮನೆಯ ನಕ್ಷೆಗಳನ್ನು ಪ್ರಿಂಟು ಹಾಕುವ ಕಡೆ ಹೋದೆ. ಮೂಗು ಸುಡುವ ಅಮೋನಿಯಾ ವಾಸನೆ. ಅಲ್ಲಿಯವನು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದ. "ನಮ್ಮದು ಬೆಳಕು ತೂರೋ ಕಾಗದಕ್ಕೆ ಮಾತ್ರ ಆಗಾದು. ಇದು ಎರಡೂ ಕಡೆ ಅಚ್ಚಾಗೈತೆ. ಆ ಕಡೆ ಗಿಳಿ ಈ ಕಡೆ ರಾಜನ ಹೊಟ್ಟೆಯಾಗೆ ಕಾಣ್ತೈತೆ, ನೋಡ್ರಿ." ಬೆಂಗಳೂರಲ್ಲಿ ಪುಸ್ತಕವನ್ನು ಮಗುಚಿಟ್ಟರೆ ಸಾಕು, ಇದ್ದದ್ದು ಇದ್ದ ಹಾಗೆ ತೆಗೆಯುವ ಮಿಷನ್ ಬಂದಿದೆ ಎಂದೂ ಅವನೇ ಹೇಳಿದ. ಅವನೂ ನೋಡಿರಲಿಲ್ಲ.

ಉಳಿದದ್ದು ನಮ್ಮ ಟೈಪಿಂಗ್ ಶಾಲೆಯ ಸೈಕ್ಲೋಸ್ಟೈಲ್. ಮೇಣದ ಹಾಳೆಯ ಮೇಲೆ ಮೊನೆಗಡ್ಡಿಯಿಂದ ಗೀರಿದರೆ ಗೀರಿದ ಕಡೆ ಮೇಣ ಬಿಡುತ್ತದೆ, ಉರುಳೆ ತಿರುಗಿಸಿದರೆ ಅಲ್ಲಿಂದ ಮಸಿ ಇಳಿದು ಕಾಗದಕ್ಕೆ ಹತ್ತುತ್ತದೆ. ಶಾಲೆಯ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

"ಏನಪ್ಪ ಬಿ.ಎ., ಪ್ರಶ್ನೆಪತ್ರಿಕೆ ಮಾಡೋ ಮಿಷನ್ನಾಗೆ ಗಿಳಿ ಕೂರಿಸ್ತೀಯ?"

"ಕೂರಿಸ್ತೀನಿ ಸಾರ್. ಶನಿವಾರ ಮಧ್ಯಾಹ್ನ ಮಿಷನ್ ಖಾಲಿ ಇರ್ತೈತಲ್ಲ."

"ಕೂರಿಸು. ಹಾರಿ ಹೋದ್ರೆ ನನ್ನ ಕೇಳಬ್ಯಾಡ."

ಪುಸ್ತಕದ ಮೇಲೆ ನೇರವಾಗಿ ಕಡ್ಡಿ ಒತ್ತಿದರೆ ಗೀರು ಬೀಳುತ್ತದೆ. ಅದಕ್ಕೆ ನಡುವೆ ಒಂದು ಗಾಜು ಬೇಕಿತ್ತು. ಮನೆಯ ಗೋಡೆಯಲ್ಲಿ ನಾನು ಕರಿ ಗೌನು ತೊಟ್ಟು ನಿಂತ ಫೋಟೋ ಇತ್ತು. ಹಟ್ಟಿಗೆ ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸುತ್ತಿದ್ದ. ಅದರ ಕಟ್ಟು ಬಿಚ್ಚಿ ಗಾಜು ತೆಗೆದೆ. ಕೆಳಗೆ ಪುಸ್ತಕ, ಮೇಲೆ ಗಾಜು, ಅದರ ಮೇಲೆ ಮೇಣದ ಹಾಳೆ. ಕಿಟಕಿಯ ಬೆಳಕಿನಲ್ಲಿ ಗೆರೆ ಮಸುಕಾಗಿ ಕಾಣುತ್ತಿತ್ತು. ಕಣ್ಣು ಕಿತ್ತುಬರುವಂತೆ ನೋಡಿ ಗೀರಿದೆ.

ಚಿತ್ರ ಚೆನ್ನಾಗಿಯೇ ಬಂತು. ಅಕ್ಷರಗಳು ಕೈಕೊಟ್ಟವು. ನಮ್ಮ ಅಕ್ಷರವೆಲ್ಲ ದುಂಡು. ಸುತ್ತ ಗೀರಿದ ಕೂಡಲೇ ನಡುವಿನ ಮೇಣದ ಬಿಲ್ಲೆ ಕಳಚಿ ಬೀಳುತ್ತಿತ್ತು. ಅಚ್ಚಿನಲ್ಲಿ ಪ್ರತಿ ಅಕ್ಷರವೂ ಒಂದು ಮಸಿಯ ಉಂಡೆ. ಗಿಳಿ ಬಾಯಿ ತೆರೆದರೆ ಕುರಿಯ ಹಿಕ್ಕೆ ಉದುರಿದಂತೆ ಕಾಣುತ್ತಿತ್ತು. ಮೆತ್ತಗೆ ಗೀರಿದರೆ ಏನೂ ಮೂಡುತ್ತಿರಲಿಲ್ಲ. ಹಾಳೆಯ ಮೇಲೆ ಹಾಳೆ ಕೆಟ್ಟ ಮೇಲೆ ಒಂದು ನಿರ್ಧಾರಕ್ಕೆ ಬಂದೆ: ಮೊದಲು ಪೂರಾ ಚಿತ್ರಗಳನ್ನು ತೆಗೆಯುವುದು, ಗುಳ್ಳೆಗಳನ್ನು ಖಾಲಿ ಬಿಡುವುದು. ಆಮೇಲೆ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಮಾತುಗಳನ್ನು ಕೈಯಲ್ಲೇ ಬರೆಯುವುದು.

ಚಿತ್ರ ಮುಗಿಯಿತು. ಮಹಾನವಮಿ ಹತ್ತಿರ ಬಂದಿತ್ತು, ಆದರೂ ಮಾತು ಬರೆಯಲು ದಿನವಿತ್ತು. ಗಾಜಿನಡಿ ಪುಸ್ತಕವನ್ನು ಅಗಲಿಸಿ ಒತ್ತಿ ಒತ್ತಿ ಅದರ ಹೊಲಿಗೆ ಸಡಿಲಾಗಿತ್ತು, ನಾಲ್ಕಾರು ಹಾಳೆ ಹೊರಗೆ ಇಣುಕುತ್ತಿದ್ದವು. ಹೊಳಲ್ಕೆರೆಯಲ್ಲಿ ಬೈಂಡು ಮಾಡುವವರನ್ನು ವಿಚಾರಿಸಿ ಬರೋಣವೆಂದು ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋದೆ.

ಸಂಜೆ ಬಂದಾಗ ಅಂಗಳದಲ್ಲಿ ಸರಿಯ ಮಡಕೆ ಇತ್ತು. ಅವ್ವ ಕುಂಚ ತೊಳೆಯುತ್ತಿದ್ದಳು. ಕಂಬಳಿಯ ಹಾಸಿನ ನೂಲಿಗೆ ಸರಿ ಬಳಿದಿರಬೇಕೆಂದುಕೊಂಡೆ. ಹಾಸು ಇರಲಿಲ್ಲ. ಬಂಡೆಯ ಮೇಲೆ ಬಿಸಿಲಿಗೆ ಪುಸ್ತಕವಿತ್ತು.

"ಹಾಳೆ ಉದುರ್ತಿದ್ವು ಕಣೋ ಮಗ," ಎಂದಳು ಅವ್ವ. "ಆ ಯಪ್ಪ ನೋಡಿದ್ರೆ ಬೈತಾನೆ ಅಂತ ಎಲ್ಲಾ ಹಾಳೆಗೂ ತೆಳ್ಳಗೆ ಸರಿ ಕುಡಿಸಿದೀನಿ. ಇನ್ನು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹರಿಯಾಕಿಲ್ಲ."

ಎತ್ತಿಕೊಂಡೆ. ಹಲಗೆಯಂತೆ ಗಟ್ಟಿಯಾಗಿತ್ತು. ಹಾಳೆಗೆ ಹಾಳೆ ಕಚ್ಚಿಕೊಂಡಿತ್ತು. ಉಗುರು ಹಾಕಿ ಎಬ್ಬಿಸಲು ನೋಡಿದರೆ ರಾಜನ ಮುಖ ಸುಲಿದು ಬಂತು. ಅಂಚಿನಲ್ಲಿ ಬಣ್ಣ ಕದಡಿ ಕೆಂಪು ನೀರು ಇಳಿದಿತ್ತು. ಒಂದು ಮಾತೂ ಓದುವಂತಿರಲಿಲ್ಲ.

ನನ್ನ ಮುಖ ನೋಡಿ ಅವ್ವ ಕುಂಚ ಕೆಳಗಿಟ್ಟಳು. "ತಪ್ಪಾತೇನೋ?" ಎಂದು ಸಣ್ಣಗೆ ಕೇಳಿದಳು. ನಾನು ಅಲ್ಲೇ ಬಂಡೆಯ ಮೇಲೆ ಕುಳಿತೆ. ಅವಳು ತನಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ಕೆಲಸವನ್ನು ಮಾಡಿದ್ದಳು.

ಹಿರಿಯೂರಿನ ಮಂಡಿಯಲ್ಲಿ ಸಾಹುಕಾರರು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ತೂಕ ನೋಡುವವರಂತೆ ಸ್ವಲ್ಪ ಆಡಿಸಿದರು. ಮೂಸಿ ನೋಡಿದರು.

"ಏನಿದು?"

"ಹುಣಸೆಬೀಜದ ಸರಿ. ನಮ್ಮವ್ವ ಗಟ್ಟಿ ಆಗ್ಲಿ ಅಂತ..."

"ಪುಸ್ತಕ ಅಂದ್ರೆ ಕಂಬಳಿ ಅಲ್ಲಪ್ಪ."

"ಗೊತ್ತಾಗಲಿಲ್ಲ ಅವಳಿಗೆ, ಸಾಹುಕಾರ್ರೆ."

"ಆಕೆಗೆ ಗೊತ್ತಾಗಾದು ಬ್ಯಾಡ. ನೀನು ಬಿ.ಎ. ಓದಿದೀಯಲ್ಲ, ಬೀಗ ಹಾಕಿ ಇಡಬೇಕು ಅನ್ನಾದು ನಿನಗೆ ಗೊತ್ತಾಗಲಿಲ್ವ?"

ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಆದರೂ ನಿಂತೇ ಇದ್ದೆ. ಬೇರೆ ಸಂಪುಟ ಮನೆಗೆ ಒಯ್ಯುವುದಿಲ್ಲ, ಇಲ್ಲೇ ನಿಮ್ಮ ಕಣ್ಣೆದುರಿಗೆ ಕುಳಿತು ಬೇರೆ ಕಥೆಯ ಮಾತುಗಳನ್ನಷ್ಟೇ ಬರೆದುಕೊಂಡು ಹೋಗುತ್ತೇನೆ ಎಂದೆ. ಅವರು ಬೈಯಲಿಲ್ಲ. ಪುಸ್ತಕವನ್ನು ಕಂದು ಕಾಗದದಲ್ಲಿ ಹಾಗೇ ಸುತ್ತಿ ಟ್ರಂಕಿನಲ್ಲಿ ಅದರ ಜಾಗದಲ್ಲೇ ಇಟ್ಟರು.

"ಊಟ ಮಾಡ್ಕಂಡು ಹೋಗು. ಬಸ್ಸು ಇನ್ನೂ ತಡ ಐತೆ," ಎಂದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ನಾನು ಉಣ್ಣದೆ ಎದ್ದು ಬಂದೆ.

ಮಹಾನವಮಿ ಕಳೆಯಿತು, ದೀಪಾವಳಿ ಕಳೆಯಿತು. ಖಾಲಿ ಗುಳ್ಳೆಗಳ ಕಟ್ಟನ್ನು ಅಟ್ಟದ ಮೇಲೆ ಎಸೆದಿದ್ದೆ. ನೆನಪಿನಿಂದ ಬರೆಯೋಣವೆಂದು ಒಂದೆರಡು ಸಲ ಕುಳಿತೆ. ಗಿಳಿಯ ಮೊದಲ ಮಾತು ಬಿಟ್ಟರೆ ಒಂದೂ ನೆನಪಾಗಲಿಲ್ಲ. ತಪ್ಪು ಬರೆದು ಕೊಡುವುದಕ್ಕಿಂತ ಕೊಡದಿರುವುದೇ ಮೇಲು ಎನ್ನಿಸಿ ಬಿಟ್ಟೆ. ತಂಗಿ ಕೆಲವು ದಿನ ನನ್ನ ಚೀಲ ತಡಕಾಡಿ ಪುಸ್ತಕ ಹುಡುಕಿದಳು. ಆಮೇಲೆ ಹುಡುಕಲಿಲ್ಲ. "ಅಣ್ಣ" ಎನ್ನುವುದು "ಅಣ" ಆಯಿತು, "ಅ" ಆಯಿತು. ಬೆಳಿಗ್ಗೆ ಎದ್ದ ಕೂಡಲೇ ಅವಳು ಇವತ್ತು ಏನು ಮರೆತಿರುತ್ತಾಳೋ ಎಂದು ಅವಳ ಬಾಯನ್ನೇ ನೋಡುತ್ತಿದ್ದೆ.

ಒಂದು ಸಂಜೆ ಬಸ್ಸಿಳಿದು ಬಂದಾಗ ಅವಳು ರೊಪ್ಪದ ಮುಂದೆ ಕುಳಿತಿದ್ದಳು. ತೊಡೆಯ ಮೇಲೆ ಅಟ್ಟದಲ್ಲಿದ್ದ ಕಟ್ಟು, ಕೈಯಲ್ಲಿ ಮೋಟು ಪೆನ್ಸಿಲ್. ಬಗ್ಗಿ ನೋಡಿದೆ. ರಾಜನ ಗುಳ್ಳೆಯೊಳಗೆ "ಏನಂದೆ?" ಎಂದು ಬರೆದಿದ್ದಳು. ಬೇಟೆಗಾರನ ಗುಳ್ಳೆಯಲ್ಲೂ "ಏನಂದೆ?". ಗಿಳಿಯದರಲ್ಲೂ ಅದೇ. ಹಾಳೆ ತಿರುವಿದೆ, ಇನ್ನೊಂದು ತಿರುವಿದೆ. ಎಲ್ಲರೂ ಎಲ್ಲರನ್ನೂ ಅದೊಂದನ್ನೇ ಕೇಳುತ್ತಿದ್ದರು. ಮರಕ್ಕೆ ಗುಳ್ಳೆ ಇರಲಿಲ್ಲ. ತಾನೇ ಒಂದು ಗುಳ್ಳೆ ಬರೆದು ಮರದ ಕೈಯಲ್ಲೂ ಕೇಳಿಸಿದ್ದಳು. ಅವಳು ಕೇಳುವುದನ್ನು ಬಿಟ್ಟಿರಲಿಲ್ಲ. ನಾವು ಹೇಳುವುದನ್ನು ಬಿಟ್ಟಿದ್ದೆವು.

ಅಷ್ಟರಲ್ಲಿ ಅವ್ವ ಹಿತ್ತಲಿನಿಂದ ರೂಢಿಯಂತೆ ಕೂಗಿದಳು. ತಂಗಿ ತಿರುಗಿ ನೋಡಲಿಲ್ಲ.

ನಾನು ಪಕ್ಕದಲ್ಲಿ ಕುಳಿತು ಪೆನ್ಸಿಲ್ ಇಸಿದುಕೊಂಡೆ. ಗಿಳಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಸೆರಗು ಹೊದ್ದ ಒಂದು ಹೆಂಗಸನ್ನು ಗೀಚಿದೆ. ನನಗೆ ಚಿತ್ರ ಬರುವುದಿಲ್ಲ, ಗಾಜಿಲ್ಲದೆ ಅಂತೂ ಇಲ್ಲವೇ ಇಲ್ಲ. ಮೂಗಿನ ನತ್ತು ಬರೆದ ಮೇಲೆ ಅವಳಿಗೆ ಅದು ಯಾರೆಂದು ತಿಳಿಯಿತು. ಅವ್ವನ ಬಾಯಿಂದ ಒಂದು ಗುಳ್ಳೆ ಎಳೆದು, ಅವಳು ಆಗಷ್ಟೇ ಕೂಗಿದ್ದನ್ನು ಕೂಗಿದ ಹಾಗೇ ಬರೆದೆ: "ಕುರಿ ಬಂದ್ವು. ಬಾಗ್ಲು ತೆಗಿ."

ತಂಗಿ ಗುಳ್ಳೆಯ ಬಾಲಕ್ಕೆ ಬೆರಳಿಟ್ಟು ಓದಿದಳು. "ಕು...ರಿ ಬಂ...ದ್ವು." ದನಿ ಒರಟಾಗಿತ್ತು. ಹಿತ್ತಲ ಕಡೆ ತಿರುಗಿ ಅವ್ವನನ್ನು ನೋಡಿದಳು, ದಾರಿಯ ಕಡೆ ತಿರುಗಿ ಧೂಳನ್ನು ನೋಡಿದಳು. ಎದ್ದು ಹೋಗಿ, ಮುಳ್ಳಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು.

ಕುರಿಗಳು ಒಳಗೆ ನುಗ್ಗಿದವು. ನಾನು ಇನ್ನೊಂದು ಗುಳ್ಳೆ ಬರೆಯತೊಡಗಿದೆ.