ಅಂಟಿಸಿದ ಹಾಳೆಗಳು

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಪಕ್ಕದ ಗೋಡೆಗೆ ಮೊನ್ನೆ ಒಬ್ಬ ನಾಟಕದ ಪೋಸ್ಟರ್ ಹಚ್ಚುತ್ತಿದ್ದ. ಎಲ್ಲವೂ ಫ್ಲೆಕ್ಸ್ ಆಗಿಹೋದ ಈ ಕಾಲದಲ್ಲಿ ಅವನ ಬಕೆಟ್ಟಿನಲ್ಲಿ ಬೇಯಿಸಿದ ಮೈದಾ ಅಂಟು ಇತ್ತು. ಹಿಟ್ಟಿನ ಆ ಹಸಿ ವಾಸನೆ, ಜೊತೆಗೆ ಹುಳು ಹತ್ತದಿರಲೆಂದು ಬೆರೆಸುವ ಮೈಲುತುತ್ತದ ಸಣ್ಣ ಘಾಟು... ಮೂಗಿಗೆ ಬಡಿದದ್ದೇ ತಡ, ಹತ್ತಬೇಕಾಗಿದ್ದ ಆಟೋ ಬಿಟ್ಟು ನಿಂತುಬಿಟ್ಟೆ. ಅದು ಉಪದೇಶಿ ತಾತನ ಕೈಯ ವಾಸನೆ.

ಆ ವಾಸನೆ ಅವತ್ತೇ ಬರಬೇಕಿತ್ತೇ ಅಂತ ಸಿಟ್ಟೂ ಬಂತು. ಆ ವಾರವೆಲ್ಲ ನಾನು ನಿಂತಲ್ಲಿ ನಿಲ್ಲದೆ, ಕೂತಲ್ಲಿ ಕೂರದೆ ಓಡಾಡುತ್ತಿದ್ದೆ. ಕಾರಣ ಪುಸ್ತಕಗಳು. ನಮ್ಮ ಚರ್ಚಿನ ಸಭೆಯಲ್ಲಿ ಬೈಬಲ್ ಅಧ್ಯಯನ ಮಾಡುವವರಿಗೊಂದು ಗ್ರಂಥಾಲಯ ಬೇಕೆಂದು ಪಾಸ್ಟರಿಗೆ ಬಹುದಿನದ ಆಸೆ. ಕೊಳ್ಳಲು ದುಡ್ಡಿಲ್ಲ, ಕಪಾಟು ಇಡಲು ಜಾಗವಿಲ್ಲ. ಯಾರೋ ಒಂದು ಹಳೇ ಲ್ಯಾಪ್‌ಟಾಪ್ ಕೊಟ್ಟರು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಪುಸ್ತಕಗಳನ್ನು ಅದಕ್ಕೆ ಇಳಿಸಿಟ್ಟರೆ, ಬಂದವರು ತಮ್ಮ ಫೋನಿಗೆ ಹಾಕಿಕೊಂಡು ಹೋಗಬಹುದಲ್ಲ ಎಂಬ ಯೋಚನೆ ಹುಟ್ಟಿತು. ಆರಿಸುವ ಕೆಲಸವನ್ನು, ಕನ್ನಡ ಟೀಚರಾಗಿದ್ದು ನಿವೃತ್ತಳಾದ ನನ್ನ ಕೊರಳಿಗೆ ಕಟ್ಟಿದರು. ಭಾನುವಾರದೊಳಗೆ ಮುಗಿಸುತ್ತೇನೆ ಎಂದು ನಾನೂ ಬಡಾಯಿ ಕೊಚ್ಚಿದ್ದೆ.

"ಫ್ರೀ ಐತಲ್ಲ ಟೀಚರ್ರೇ, ಸಿಕ್ಕಿದ್ದೆಲ್ಲಾ ಹಾಕ್ಬಿಡ್ರಿ," ಅಂದಿದ್ದರು ಪಾಸ್ಟರು.

ಪುಕ್ಕಟೆ ಸಿಕ್ಕಿದರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಜನ ನಾವು. ಆದರೆ ಕೂತು ನೋಡಿದಾಗ ಗೊತ್ತಾಯಿತು, ಪುಕ್ಕಟೆ ಪುಸ್ತಕಗಳಲ್ಲಿ ಎರಡು ಜಾತಿ. ಒಂದು, ನಿಮ್ಮನ್ನು ತಮ್ಮ ಗುಂಪಿಗೆ ಎಳೆದುಕೊಳ್ಳಲು ಹಂಚುವಂಥದ್ದು. ಅವುಗಳ ಮುಖಪುಟದಲ್ಲಿ ಬೆಂಕಿ, ಏಳು ತಲೆಯ ಮೃಗ, ಲೋಕ ನಾಳೆಗೇ ಮುಗಿಯಿತು ಅನ್ನುವ ಆತುರ. ಅವನ್ನು ಅಳಿಸಲು ನಾನು ಎರಡನೇ ಸಲ ಯೋಚಿಸಲಿಲ್ಲ. ಇನ್ನೊಂದು, ಬರೆದವರು ಸತ್ತು ಎಷ್ಟೋ ಕಾಲವಾಗಿ, ಹಕ್ಕು ಕೇಳುವವರೇ ಇಲ್ಲದಂಥದ್ದು. ತೊಂದರೆ ಬಂದದ್ದು ಇವುಗಳಲ್ಲಿ. ಬೈಬಲಿನ ಒಂದೊಂದು ವಚನವನ್ನು ಹಿಡಿದು ಎಷ್ಟು ತಾಳ್ಮೆಯಿಂದ ಬಿಡಿಸಿ ಹೇಳಿದ್ದಾರೆ, ಓದುತ್ತಾ ಹೋದರೆ ಹೊತ್ತು ಹೋದದ್ದು ತಿಳಿಯದು. ಹಾಗೆ ಓದುತ್ತಿದ್ದಾಗಲೇ ಥಟ್ಟನೆ ನಮ್ಮ ನಾಡಿನ ಜನರ ಬಗ್ಗೆ ಒಂದು ಮಾತು ಬರುತ್ತದೆ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಹಾಕಲೋ ಬಿಡಲೋ ತಿಳಿಯದೆ ಲ್ಯಾಪ್‌ಟಾಪ್ ಮುಚ್ಚಿ, ಕಾಫಿ ಮಾಡಿ, ಕುಡಿಯದೆ ಚೆಲ್ಲಿ, ಮತ್ತೆ ತೆರೆಯುತ್ತಿದ್ದೆ.

ತಾತ ನನ್ನ ಸ್ವಂತ ತಾತ ಅಲ್ಲ. ಮೊಳಕಾಲ್ಮೂರಿನಲ್ಲಿ ನಮ್ಮ ಬೀದಿಯ ತುದಿಮನೆಯಲ್ಲಿ ಬಾಡಿಗೆಗಿದ್ದ ಉಪದೇಶಿ. ಪಾದ್ರಿಗಳು ಹೋಗಿ ಮುಟ್ಟದ ಹಳ್ಳಿಗಳಲ್ಲಿ ಪ್ರಾರ್ಥನೆ ನಡೆಸಿ, ಬೈಬಲ್ ಓದಿ ಹೇಳಿ ಬರುವುದು ಅವರ ಕೆಲಸ. ನಮ್ಮ ಬೀದಿಯಲ್ಲಿ ಅವರ ಪ್ರಾರ್ಥನೆಗೆ ಹೋಗುವವರು ಒಬ್ಬರೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಮಗ್ಗ, ಎಲ್ಲರ ಬಾಯಲ್ಲೂ ಕನ್ನಡದ ಜೊತೆಗೆ ತೆಲುಗು, ಎಲ್ಲರಿಗೂ ಅವರವರ ದೇವರು. ಅವರಿಗೂ ತೆಲುಗು ಬರುತ್ತಿತ್ತು, ಅಷ್ಟೇ ಸಾಕಾಯಿತು. ಸೈಕಲ್ ಇಳಿದು ಯಾರ ಮನೆಯ ಜಗುಲಿಯಲ್ಲಾದರೂ ಕೂತರೆ ಲಾಳಿಯ ಸದ್ದಿನ ನಡುವೆಯೇ ಮಾತು ಶುರುವಾಗುತ್ತಿತ್ತು.

ಸಾಧು ಸ್ವಭಾವದವರು ಅಂದುಕೊಳ್ಳಬೇಡಿ. ಮೂಗಿನ ತುದಿಯಲ್ಲೇ ಸಿಟ್ಟು, ಅದರ ಪಕ್ಕದಲ್ಲೇ ನಶ್ಯ. ಪುಸ್ತಕದ ಹಾಳೆಯ ಮೂಲೆ ಮಡಚಿದರೆ ಮಕ್ಕಳೆಂದೂ ನೋಡದೆ ಕಿವಿ ಹಿಂಡುತ್ತಿದ್ದರು. ಮಂಡಕ್ಕಿ ಮೆಣಸಿನಕಾಯಿ ಎಂದರೆ ಪ್ರಾಣ. ತಿಂದಾದ ಮೇಲೆ ಕೈಯೆಣ್ಣೆಯನ್ನೆಲ್ಲ ತಲೆಗೆ ಒರೆಸಿಕೊಂಡು, "ಇನ್ನು ಪುಸ್ತಕ ಮುಟ್ಟಬಹುದು" ಅನ್ನುತ್ತಿದ್ದರು. ಅವರ ತಲೆಗೂದಲು ಸದಾ ಮಿರಿಮಿರಿ ಮಿಂಚುತ್ತಿದ್ದುದರ ಗುಟ್ಟು ಅದೇ.

ಅವರ ಟ್ರಂಕಿನಲ್ಲಿ ಪುಸ್ತಕಗಳಿದ್ದವು. ಹೆಚ್ಚೇನಿಲ್ಲ, ಒಂದು ಮಗು ಎತ್ತಬಹುದಾದಷ್ಟು. ಬೆನ್ನು ಕಿತ್ತವಕ್ಕೆ ತಾವೇ ಮೈದಾ ಅಂಟು ಹಚ್ಚಿ, ಹಳೇ ಪಂಚೆಯ ಚೂರು ಕೊಟ್ಟು ಕಟ್ಟುತ್ತಿದ್ದರು. ಕೇಳಿದ ಮಕ್ಕಳಿಗೆ ಒಂದೊಂದಾಗಿ ಓದಲು ಕೊಡುತ್ತಿದ್ದರು. ಕೇಳಿದವಳು ನಾನೊಬ್ಬಳೇ ಅನ್ನಬೇಕು. ನಮ್ಮ ಮನೆಯಲ್ಲಿ ಓದಲು ಕ್ಯಾಲೆಂಡರ್ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಅವುಗಳಲ್ಲಿ ನನಗೆ ಹುಚ್ಚು ಹಿಡಿಸಿದ್ದು ಒಂದು ಹಳೆಯ ಕನ್ನಡ ಪುಸ್ತಕ. ಹಿಂದೆಂದೋ ಯಾರೋ ಪರದೇಶದ ಪಾದ್ರಿ ಈ ಬಯಲುಸೀಮೆಯಲ್ಲಿ ಸುತ್ತಾಡುತ್ತಾ ಬರೆದದ್ದು. ಯೇಸು ಹೇಳಿದ ಬಿತ್ತುವವನ ಸಾಮ್ಯಕತೆ ಬಂದಾಗ ನಮ್ಮ ಕಪ್ಪು ಹೊಲ, ಕಳೆದುಹೋದ ಕುರಿಯ ಕತೆ ಹೇಳುವಾಗ ನಮ್ಮದೇ ಕುರಿಹಟ್ಟಿ. ಯೇಸು ನಮ್ಮೂರ ಆಚೆಯ ಗುಡ್ಡದಲ್ಲೇ ನಡೆದುಹೋದ ಹಾಗೆ ಅನ್ನಿಸುತ್ತಿತ್ತು. ಆದರೆ ಆ ಪುಸ್ತಕದ ನಡುವೆ ಕೆಲವು ಹಾಳೆಗಳನ್ನು ಒಂದಕ್ಕೊಂದು ಸೇರಿಸಿ ಅಂಟಿಸಿಬಿಟ್ಟಿದ್ದರು. ರಟ್ಟಿನಂತೆ ಗಟ್ಟಿ. ಅದಕ್ಕೆ ಮುಂಚಿನ ಪುಟದ ಕೊನೆಯ ಸಾಲು, ಪಾದ್ರಿ ಮತ್ತು ಅವನ ಜೊತೆಗಾರ ಬಾಯಾರಿ ಒಬ್ಬ ನೇಕಾರನ ಮನೆಯ ಮುಂದೆ ನಿಂತರು ಎಂಬುದು. ಅಂಟು ದಾಟಿದ ಮೇಲಿನ ಪುಟದಲ್ಲಿ ಬೇರೆಯೇ ಅಧ್ಯಾಯ.

ನೇಕಾರನ ಮನೆ ಅಂದರೆ ನಮ್ಮಂಥ ಮನೆಯೇ. ಒಳಗಿಂದ ಯಾರು ಬಂದರು? ನೀರು ಕೊಟ್ಟರೋ ಇಲ್ಲವೋ? ಅನ್ನದ ಗಡಿಗೆಯ ಹಬೆಗೆ ಹಿಡಿದು ಬಿಡಿಸಲು ನೋಡಿದೆ. ತುದಿ ಹರಿಯಿತೇ ಹೊರತು ಏನೂ ಕಾಣಲಿಲ್ಲ. ತಾತನನ್ನೇ ಕೇಳಿದೆ.

"ನೀರು ಕೊಟ್ರಾ ತಾತಾ?"

"ಕೊಟ್ರು. ನೀರಲ್ಲ, ಮಜ್ಜಿಗೆ," ಅಂದರು. ಹರಿದ ತುದಿಯನ್ನು ಬೆರಳಿನಿಂದ ಸವರಿದರು. ಕಿವಿ ಹಿಂಡುತ್ತಾರೆ ಅಂತ ನಾನು ತಲೆ ತಗ್ಗಿಸಿದ್ದೆ. ಹಿಂಡಲಿಲ್ಲ. "ಉಳಿದಿದ್ದೆಲ್ಲಾ ನಿಂದು ಅಮ್ಮಾಯಿ. ಅದೊಂದು ಬಿಡು."

ಬಿಟ್ಟೆ. ಬಿಡದೆ ಇನ್ನೇನು ಮಾಡಲಿ... ಆದರೆ ಆ ಬಾಯಾರಿದವರು ನನ್ನ ತಲೆಯೊಳಗೆ ನಿಂತೇ ಇದ್ದರು.

ಮುಂದೆ ತಾತನನ್ನು ಪರಶುರಾಂಪುರದ ಕಡೆಗೆ ಹಾಕಿದರು. ನಾನು ಟೀಚರ್ ಟ್ರೈನಿಂಗಿಗೆಂದು ಚಳ್ಳಕೆರೆಗೆ ಬಂದೆ. ಓದಿದ್ದು ಒಳಗೇ ಬೇರು ಬಿಟ್ಟಿತ್ತೋ ಏನೋ, ಭಾನುವಾರ ಪ್ರಾರ್ಥನೆಗೆ ಹೋಗತೊಡಗಿದೆ. ಒಂದು ದಿನ ಊರಿಗೆ ಹೋಗಿ, ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತೇನೆ ಅಂದೆ. ಅಪ್ಪ ಕೂಗಾಡಿದ. ಅವ್ವ ಗುಂಡಿಮಗ್ಗದಿಂದ ಮೇಲೇಳಲೇ ಇಲ್ಲ. ಲಾಳಿ ಆಡುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ, "ಉಂಡು ಹೋಗು," ಅಂದಳು. ಅಷ್ಟೇ.

ತಾತ ಸುದ್ದಿ ಕೇಳಿ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ನನ್ನನ್ನು ನೋಡಲು ಬಂದರು. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಅವರು ಮೊದಲು ಕೇಳಿದ್ದು, "ನಿಮ್ಮವ್ವ ಏನಂದ್ರು?"

"ಏನೂ ಅನ್ಲಿಲ್ಲ ತಾತಾ."

ನಶ್ಯ ಏರಿಸಿ, ಕಣ್ಣಲ್ಲಿ ನೀರು ತಂದುಕೊಂಡು, "ಅವರನ್ನ ಬಿಡಬ್ಯಾಡ," ಅಂದರು. ನಶ್ಯದ ನೀರೋ ಬೇರೆಯದೋ ಗೊತ್ತಾಗಲಿಲ್ಲ. ನಾನವರನ್ನು ನೋಡಿದ್ದು ಅದೇ ಕೊನೆ. ತೀರಿಹೋದ ಸುದ್ದಿ ಬಂದದ್ದು ಮಣ್ಣು ಮುಗಿದು ಎಷ್ಟೋ ದಿನದ ಮೇಲೆ. ಟ್ರಂಕು ಏನಾಯಿತೆಂದು ವಿಚಾರಿಸಿದೆ. ಗೆದ್ದಲು ತಿಂದಿತು ಅಂದರು.

ಮೈದಾ ಅಂಟಿನ ವಾಸನೆ ಕುಡಿದು ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆ ಲ್ಯಾಪ್‌ಟಾಪ್ ತೆರೆದೆ. ಪುಸ್ತಕದ ಹೆಸರು ಇನ್ನೂ ನೆನಪಿತ್ತು. ಹುಡುಕಿದೆ. ಸಿಕ್ಕಿತು. ಪುಕ್ಕಟೆ. ಎಲ್ಲೋ ದೂರದ ದೇಶದ ಗ್ರಂಥಾಲಯದ ಮುದ್ರೆ ಹೊತ್ತು, ಒಂದು ಮೂಲೆಯೂ ಮಡಚದೆ, ಹೊಚ್ಚ ಹೊಸದರಂತೆ ಕೂತಿತ್ತು. ಅಲ್ಲಿ ಯಾರೂ ಅಂಟು ಹಚ್ಚಿರಲಿಲ್ಲ. ಹಚ್ಚುವ ಅಗತ್ಯ ಅಲ್ಲಿ ಯಾರಿಗೂ ಬಿದ್ದಿರಲಿಲ್ಲ.

ಬಾಯಾರಿ ನಿಂತವರ ಸಾಲಿಗೆ ಬಂದು, ಮುಂದಿನ ಪುಟ ತಿರುಗಿಸಿದೆ. ಮನೆಯೊಳಗಿಂದ ಒಬ್ಬ ಹೆಂಗಸು ಬಂದು ಮಜ್ಜಿಗೆ ಕೊಟ್ಟಳು. ಪಾದ್ರಿ ಅದನ್ನು ಕುಡಿದ. ಕುಡಿದು, ಆ ಮನೆ ಗವಿಯಂತೆ ಕತ್ತಲು ಎಂದು ಬರೆದ. ಈ ಕೈಗಳು ರೇಷ್ಮೆ ನೇಯುತ್ತವೆ, ಆದರೆ ಈ ಜನಕ್ಕೂ ಅವರ ಹಿತ್ತಲಿನ ದನಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂದು ಬರೆದ. ಹುಟ್ಟಾ ಸುಳ್ಳರು, ಇವರ ಹೆಂಗಸರಿಗೆ ನಾಚಿಕೆಯೆಂಬುದು ತಿಳಿಯದು ಎಂದು ಬರೆದ. ನಾಲ್ಕು ಹಾಳೆ ಉದ್ದಕ್ಕೂ ಇದೇ. ಆಮೇಲೆ ಬಿತ್ತುವವನ ಸಾಮ್ಯ, ಏನೂ ಆಗದವನ ಹಾಗೆ.

ಮೈಯೆಲ್ಲ ಉರಿಯಿತು. ಪಾದ್ರಿಯ ಮೇಲಿನ ಸಿಟ್ಟು ಬೇಗ ಇಳಿಯಿತು, ಅವನು ಸತ್ತು ಮಣ್ಣಾದವನು. ಇಳಿಯದೆ ಉಳಿದದ್ದು ತಾತನ ಮೇಲಿನದು. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಜಗುಲಿಯಲ್ಲಿ ಕೂತು, ನಮ್ಮವ್ವನ ಮಜ್ಜಿಗೆ ಕುಡಿದು, ಸಿಹಿಯಾದ ಹಾಳೆಗಳನ್ನು ಮಾತ್ರ ನನ್ನ ಕೈಗಿಟ್ಟಿದ್ದರು. ಹಾಗಾದರೆ ನನ್ನ ನಂಬಿಕೆಯ ಬುಡದಲ್ಲಿರುವುದು ಒಂದು ಮೋಸವೇ? ತಕ್ಕಡಿ ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸುವ ಅಂಗಡಿಯವನ ಹಾಗೆ ತಾತನೂ ನನಗೆ ತೂಗಿ ಕೊಟ್ಟರೇ? ಅಡಿಗೆಮನೆಗೂ ಬಾಗಿಲಿಗೂ ತಿರುಗಿದೆ. ಊಟ ಸೇರಲಿಲ್ಲ. ಬೀಗ ಹಾಕಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ತಳಕು ದಾಟಿತು, ಹಾನಗಲ್ ದಾಟಿತು, ಬಸ್ಸು ಎತ್ತಿನಗಾಡಿಯಂತೆ ಹೋಗುತ್ತಿದೆ ಅನ್ನಿಸಿ ಮುಂದಿನ ಸೀಟಿನ ಕಂಬಿಯನ್ನು ಒತ್ತಿ ಹಿಡಿದಿದ್ದೆ.

ಅವ್ವ ಅದೇ ಹಳೇ ಮನೆಯಲ್ಲಿ ತಮ್ಮನ ಜೊತೆಗಿದ್ದಾಳೆ. ಈಗ ಮಗ್ಗಕ್ಕೆ ಇಳಿಯಲಾಗದು, ಆದರೂ ಮಗ್ಗದ ಪಕ್ಕದಲ್ಲೇ ಕೂತು ಸೊಸೆಯ ನೇಯ್ಗೆಯಲ್ಲಿ ತಪ್ಪು ಹುಡುಕುತ್ತಾಳೆ. ಹೇಳದೆ ಕೇಳದೆ ಬಂದ ನನ್ನನ್ನು ನೋಡಿ, "ಯಾಕೆ, ಏನಾತು?" ಅಂದಳು.

ಕೂತು ಎಲ್ಲ ಹೇಳಿದೆ. ಪುಸ್ತಕ, ಅಂಟು, ಮಜ್ಜಿಗೆ. ಪಾದ್ರಿ ಬರೆದದ್ದನ್ನು ಹೇಳಲು ನಾಲಗೆ ಏಳದೆ, "ನಮ್ಮನ್ನ ಕೆಟ್ಟದಾಗಿ ಬರೆದಾನವ್ವಾ," ಅಂದೆ.

"ದನಕ್ಕೂ ಇವರಿಗೂ ಫರಕಿಲ್ಲ ಅಂತ," ಅಂದಳು ಅವ್ವ.

"ನಿನಗ್ಯಾರು ಹೇಳಿದ್ರು?" ಅಂದೆ.

"ಉಪದೇಶಿ ಅಯ್ಯನೋರು ನಂಗೆ ಓದಿ ಹೇಳಿದ್ರು. ಅಗೋ, ಆ ಬಾಗ್ಲಾಗೆ ಕುಂತ್ಕಂಡು. ನಿಮ್ಮ ಹುಡುಗಿ ಈ ಪುಸ್ತಕ ಕೇಳ್ತಾಳೆ, ಒಳಗೆ ಹಿಂಗೆ ಬರೆದೈತೆ, ನಿಮಗೆ ಹೇಳ್ದೆ ಕೊಡಾದು ಸರಿ ಅಲ್ಲ ಅಂದ್ರು. ಓದಿ ಮುಗಿಸಿ ತಲೆ ಎತ್ಲಿಲ್ಲ ಆ ಮನುಷ್ಯ."

"ನೀನೇನಂದೆ?"

"ಮಜ್ಜಿಗೆ ಕುಡಿದ್ನಾ ಅಂತ ಕೇಳ್ದೆ. ಕುಡಿದ ಅಂದ್ರು. ಹರಿದು ಒಲೆಗಾಕ್ರಿ ಅಂದೆ. ಪುಸ್ತಕ ಹರಿಯಾಕೆ ಅವರಿಗೆ ಕೈ ಬರ್ಲಿಲ್ಲ. ಅಂಟಿಸ್ತೀನಿ ಅಂದ್ರು. ಮೈದಾ ನಾನೇ ಕಾಸಿ ಕೊಟ್ಟೆ. ಆಮೇಲೆ ಬಾಳ ದಿನ ಅವರ್ನ ಮಾತಾಡಿಸ್ಲಿಲ್ಲ. ಬಂದು ಕುಂತ್ರೆ ಎದ್ದು ಒಳಗೆ ಹೋಗ್ತಿದ್ದೆ."

ಮಗ್ಗದಲ್ಲಿ ಸೊಸೆ ಕೈ ನಿಲ್ಲಿಸಿದ್ದಳು. ಅವ್ವ ಅವಳ ಕಡೆ ಒಮ್ಮೆ ನೋಡಿದಳು, ಲಾಳಿ ಮತ್ತೆ ಆಡಿತು.

"ನನಗ್ಯಾಕೆ ಹೇಳಲಿಲ್ಲ?"

"ಓದ್ತಿದ್ಯಲ್ಲ, ಓದ್ಲಿ ಅಂತ." ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಅಂದಳು: "ಆ ಮತಕ್ಕೆ ಹೋಗ್ತೀನಿ ಅಂತ ಬಂದ್ಯಲ್ಲ, ಅವತ್ತು ಆ ಹಾಳೆ ನೆನಪಾತು. ಇನ್ನು ಇವ್ಳೂ ನನ್ನ ಮನೇನ ಹಂಗೇ ನೋಡ್ತಾಳೇನೋ ಅಂತ..."

ಅವಳು ಅವತ್ತು ಮಗ್ಗದಿಂದ ಮೇಲೇಳದೆ ಇದ್ದದ್ದು ಸಿಟ್ಟಿಗಲ್ಲ, ಭಯಕ್ಕೆ. ಇಷ್ಟು ವರ್ಷ ಹಬ್ಬಕ್ಕೆ, ಹುಣ್ಣಿಮೆಗೆ ಬಂದುಹೋದಾಗಲೆಲ್ಲ ನನ್ನವ್ವ ನನ್ನ ಕಣ್ಣನ್ನು ನೋಡುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

"ನೋಡಿದ್ನೇನವ್ವಾ ಹಂಗೆ?"

ಅವ್ವ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಲೋಟ ಇತ್ತು.

"ಮಜ್ಜಿಗೆ ಐತೆ, ಕುಡಿ. ಬಿಸ್ಲಾಗೆ ಬಂದೀಯ," ಅಂದಳು. ನಾನು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿದ್ದಳು.

ಭಾನುವಾರ ಲ್ಯಾಪ್‌ಟಾಪನ್ನು ಪಾಸ್ಟರಿಗೆ ಒಪ್ಪಿಸಿದೆ. ಆ ಪುಸ್ತಕವನ್ನೂ ಹಾಕಿದ್ದೇನೆ. ಕಂಪ್ಯೂಟರಿನಲ್ಲಿ ಹಾಳೆ ಅಂಟಿಸಲು ಬರುವುದಿಲ್ಲ, ಬಂದರೂ ನಾನು ಅಂಟಿಸುತ್ತಿರಲಿಲ್ಲ. ಅದರ ಮೊದಲಿಗೆ ಒಂದು ಪುಟ ಬರೆದು ಸೇರಿಸಿದೆ: ಇದರಲ್ಲಿ ಮಜ್ಜಿಗೆ ಕೊಟ್ಟ ಒಬ್ಬ ಹೆಂಗಸು ಬರುತ್ತಾಳೆ, ಅವಳು ನಮ್ಮ ಮನೆಯವಳು, ಓದುವ ಮುಂಚೆ ನನ್ನನ್ನು ಬಂದು ಕಾಣಿ. "ಇದೇನ್ರೀ ಟೀಚರ್ರೇ?" ಅಂದರು ಪಾಸ್ಟರು. ಕೂರಿಸಿ ಅವರಿಗೇ ಮೊದಲು ಓದಿದೆ. ಮುಗಿದ ಮೇಲೆ, ಆ ಪುಟ ಹಾಗೇ ಇರಲಿ ಅಂದರು.

ಈ ವಾರ ಇಬ್ಬರು ಹುಡುಗಿಯರು ಆ ಪುಸ್ತಕ ಕೇಳಿಕೊಂಡು ಬಂದರು. ಅವರಿಗೂ ಓದಿದೆ. ಮಜ್ಜಿಗೆಯ ಸಾಲಿಗೆ ಬಂದಾಗ ನನ್ನ ದನಿ ನಡುಗಿತು. ನಮ್ಮ ಬಾಗಿಲಲ್ಲಿ ಕೂತು ಓದುವಾಗ ತಾತನ ದನಿಯೂ ನಡುಗಿತ್ತೇ? ಅವ್ವನಿಗೆ ಅದು ನೆನಪಿಲ್ಲವಂತೆ. ತಾತನನ್ನು ಕೇಳೋಣವೆಂದರೆ, ಕೇಳುವ ಹೊತ್ತು ಎಂದೋ ದಾಟಿಹೋಯಿತು.